ಪಾದವನ್ನು ಹಿಡಿಯುವ ಪೆಡಲ್: ಜೋಡಿಸುವ ಬಗೆ, ಕಾಪಾಡುವ ಬಗೆ

ಸೈಕಲ್ಲಿನ ಎಡ ಪೆಡಲನ್ನು ಮೊದಲ ಬಾರಿಗೆ ಬಿಚ್ಚಲು ಕುಳಿತವರು ಬಹುಮಟ್ಟಿಗೆ ಒಂದೇ ತಪ್ಪನ್ನು ಮಾಡುತ್ತಾರೆ. ಅಂಗಳದಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ಪಾನಾ ಹಾಕಿ, ಡಬ್ಬಿಯ ಮುಚ್ಚಳ ತೆಗೆಯುವ ಅಭ್ಯಾಸದಂತೆ ಅಪ್ರದಕ್ಷಿಣವಾಗಿ ತಿರುಗಿಸುತ್ತಾರೆ. ಪೆಡಲ್ ಕದಲುವುದಿಲ್ಲ. ಮಗನ ಕೈಯಲ್ಲಿ ಆಗದ ಕೆಲಸವನ್ನು ತಂದೆ ಕೈಗೆತ್ತಿಕೊಳ್ಳುತ್ತಾರೆ. ತಂದೆಯ ಬಲವೂ ಸಾಲದಾದಾಗ ಪಾನಾದ ಹಿಡಿಗೆ ಕಬ್ಬಿಣದ ಕೊಳವೆಯೊಂದನ್ನು ತೊಡಿಸಿ ಇನ್ನಷ್ಟು ಭಾರ ಹಾಕುತ್ತಾರೆ. ಅಷ್ಟು ಹೊತ್ತೂ ಅವರು ಪೆಡಲನ್ನು ಬಿಚ್ಚುತ್ತಿರಲಿಲ್ಲ, ಮತ್ತಷ್ಟು ಬಿಗಿಯುತ್ತಿದ್ದರು. ಕೊನೆಗೆ ಎಳೆ ಹರಿದುಹೋದರೆ ಕೆಡುವುದು ಪೆಡಲ್ ಮಾತ್ರವಲ್ಲ. ಅದಕ್ಕಿಂತ ಎಷ್ಟೋ ಹೆಚ್ಚು ಬೆಲೆಯ ಕ್ರ್ಯಾಂಕ್ ಕೂಡ.

ಶಾಲೆಗೆ ಹೋಗಿಬರುವ ಸೈಕಲ್ಲಿನಲ್ಲಿ ಈ ತಪ್ಪಿಗೆ ಪರಿಹಾರವಿದೆ. ಊರಿನ ಸೈಕಲ್ ಅಂಗಡಿಯವರು ಬೇರೊಂದು ಕ್ರ್ಯಾಂಕ್ ಹಾಕಿಕೊಡುತ್ತಾರೆ. ಆದರೆ ಸ್ಪರ್ಧೆಯ ಸೈಕಲ್ಲಿನಲ್ಲಿ ಹಾಗಲ್ಲ. ಜತ್ತ, ಅಕ್ಕಲಕೋಟೆಗಳ ಗಡಿಯಾಚೆಗಿರುವ ವಿಜಯಪುರ, ಬಾಗಲಕೋಟೆ ಸೀಮೆ ಸೈಕಲ್ ಸ್ಪರ್ಧಿಗಳ ನೆಲವೆಂದು ಬಹುಕಾಲದಿಂದ ಹೆಸರಾಗಿದೆ. ಆ ಗಾಳಿ ಗಡಿಯ ಈಚೆಗೂ ಬೀಸುತ್ತದೆ. ಸ್ಪರ್ಧೆಗೆ ಇಳಿದ ಹುಡುಗನೋ ಹುಡುಗಿಯೋ ಇರುವ ಮನೆಗೆ ಒಂದಲ್ಲ ಒಂದು ದಿನ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ಅದರೊಳಗೆ ಬೂಟನ್ನು ಕಚ್ಚಿ ಹಿಡಿಯುವ ಒಂದು ಜೊತೆ ಪೆಡಲ್, ಬೂಟಿನ ಅಡಿಗೆ ಕೂಡಿಸುವ ಎರಡು ತುಂಡು, ಕೆಲವು ತಿರುಪು, ಮಡಿಸಿದ ಒಂದು ಸೂಚನಾ ಪತ್ರ ಇರುತ್ತವೆ. ಆ ಪತ್ರದಲ್ಲಿ ಕನ್ನಡ ಇರುವುದಿಲ್ಲ.

ಆದರೂ ಕನ್ನಡ ಶಾಲೆಯ ಮಗುವಿಗೆ ಆ ಪೆಟ್ಟಿಗೆಯಲ್ಲಿರುವುದು ಅಪರಿಚಿತ ವಸ್ತುವೇನಲ್ಲ. ವಿಜ್ಞಾನದ ಪಾಠದಲ್ಲಿ ಬರುವ ಸನ್ನೆ, ತಿರುಪು, ಚಕ್ರ ಮತ್ತು ಅಚ್ಚು, ಘರ್ಷಣೆ ಇವೆಲ್ಲವೂ ಅಂಗೈಯಗಲದ ಆ ಸಾಧನದಲ್ಲಿ ಒಟ್ಟಿಗೆ ಸೇರಿವೆ. ಪಾಠವನ್ನು ಬಲ್ಲ ಮಗು ಪೆಡಲನ್ನೂ ಬಲ್ಲುದು. ತಿಳಿಯಬೇಕಾದ ಹೊಸ ಮಾತು ಒಂದೇ: ಈ ಪೆಡಲಿನ ಗುಣ ಅದು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದರಲ್ಲಿಲ್ಲ, ಬೇಕೆಂದಾಗ ಎಷ್ಟು ಖಚಿತವಾಗಿ ಬಿಡುತ್ತದೆ ಎಂಬುದರಲ್ಲಿದೆ. ಜೋಡಣೆಯ, ಅಭ್ಯಾಸದ, ಪಾಲನೆಯ ಎಲ್ಲ ನಿಯಮಗಳೂ ಈ ಒಂದು ಮಾತನ್ನು ಕಾಯುವುದಕ್ಕಾಗಿಯೇ ಇವೆ.

ಎಡಕ್ಕೆ ಏಕೆ ಬೇರೆ ತಿರುಪು?

ಬಲ ಪೆಡಲಿನ ಅಚ್ಚಿಗೆ ಸಾಮಾನ್ಯ ತಿರುಪಿನ ಎಳೆ ಇರುತ್ತದೆ. ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯುತ್ತದೆ. ಎಡ ಪೆಡಲಿನದು ಇದಕ್ಕೆ ವಿರುದ್ಧ. ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯುತ್ತದೆ. ಎರಡೂ ಒಂದೇ ಬಗೆಯಾಗಿದ್ದ ಹಳೆಯ ಸೈಕಲ್ಲುಗಳಲ್ಲಿ ಎಡ ಪೆಡಲ್ ಸವಾರಿಯ ನಡುವೆಯೇ ಸಡಿಲಗೊಂಡು ಕಳಚಿ ಬೀಳುತ್ತಿತ್ತು. ವಿಮಾನದಿಂದ ಜಗತ್ಪ್ರಸಿದ್ಧರಾದ ರೈಟ್ ಸಹೋದರರು ಅದಕ್ಕೂ ಮೊದಲು ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ತಯಾರಿಸಿ ಮಾರುತ್ತಿದ್ದರು. ಬಿಚ್ಚಿಕೊಳ್ಳದ ಪೆಡಲ್ ತಮ್ಮಲ್ಲಿದೆ ಎಂದು ಅವರು 1900ರಲ್ಲಿ ಪ್ರಕಟಿಸಿದರು. ಅದರ ಗುಟ್ಟು ಇದೇ ಆಗಿತ್ತು: ಬಲಕ್ಕೆ ಬಲ ತಿರುಪು, ಎಡಕ್ಕೆ ಎಡ ತಿರುಪು. ಅವರು ಆಕಾಶಕ್ಕೆ ಏರಿದ್ದು ಮೂರು ವರ್ಷಗಳ ಅನಂತರ, 1903ರಲ್ಲಿ.

ಕಾರಣವನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದು ಪೆನ್ಸಿಲನ್ನು ಎಡಗೈಯ ಮುಷ್ಟಿಯಲ್ಲಿ ಸಡಿಲವಾಗಿ ಹಿಡಿಯಬೇಕು. ಬಲಗೈಯಿಂದ ಅದರ ಹೊರತುದಿಯನ್ನು ಮೆಲ್ಲಗೆ ವೃತ್ತಾಕಾರವಾಗಿ ಸುತ್ತಿಸಬೇಕು. ಪೆನ್ಸಿಲು ಮುಷ್ಟಿಯ ಒಳಬದಿಗೆ ಉಜ್ಜುತ್ತ ಸುತ್ತು ಬರುವಾಗ, ಸುತ್ತುವ ದಿಕ್ಕಿಗೆ ವಿರುದ್ಧವಾಗಿ ತನ್ನಷ್ಟಕ್ಕೆ ತಾನೇ ಉರುಳುವುದು ಕಾಣುತ್ತದೆ. ಮುಷ್ಟಿಯೇ ಕ್ರ್ಯಾಂಕಿನ ರಂಧ್ರ, ಪೆನ್ಸಿಲೇ ಪೆಡಲಿನ ಅಚ್ಚು ಎಂದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

ಸೈಕಲ್ಲನ್ನು ಬಲಬದಿಯಿಂದ ನೋಡಿದರೆ ಕ್ರ್ಯಾಂಕ್ ಪ್ರದಕ್ಷಿಣವಾಗಿ ಸುತ್ತುತ್ತದೆ. ಪಾದದ ಒತ್ತಡ ಮಾತ್ರ ಬಹುಪಾಲು ಕೆಳಮುಖವಾಗಿಯೇ ಇರುತ್ತದೆ. ಆದುದರಿಂದ ಸುತ್ತುತ್ತಿರುವ ಕ್ರ್ಯಾಂಕಿನ ಲೆಕ್ಕದಲ್ಲಿ ಆ ಒತ್ತಡವು ರಂಧ್ರದ ಸುತ್ತ ಅಪ್ರದಕ್ಷಿಣವಾಗಿ ಸರಿಯುತ್ತದೆ. ಅಚ್ಚು ಅದಕ್ಕೆ ವಿರುದ್ಧವಾಗಿ, ಅಂದರೆ ಪ್ರದಕ್ಷಿಣವಾಗಿ, ಕೂದಲೆಳೆಯಷ್ಟು ಉರುಳಲು ನೋಡುತ್ತದೆ. ಬಲ ಪೆಡಲಿಗೆ ಅದು ಬಿಗಿಯುವ ದಿಕ್ಕು. ಎಡಬದಿಯಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಹೀಗೆ ಸವಾರನ ಪ್ರತಿ ತುಳಿತವೂ ಎರಡೂ ಪೆಡಲುಗಳನ್ನು ಬಿಗಿಯಾಗಿಯೇ ಇರಿಸುತ್ತದೆ.

ಇಷ್ಟನ್ನೂ ನೆನಪಿಡಲಾಗದವರಿಗೆ ಒಂದು ಸುಲಭ ಸೂತ್ರವಿದೆ. ಪಾನಾದ ಹಿಡಿ ಮೇಲ್ಮುಖವಾಗಿ ನಿಂತಿರಲಿ. ಅದನ್ನು ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಗಿ. ಹಿಂದಿನ ಚಕ್ರದ ಕಡೆಗೆ ಎಳೆದರೆ ಸಡಿಲ. ಎಡಕ್ಕೂ ಬಲಕ್ಕೂ ಸೂತ್ರ ಒಂದೇ. ಪಾನಾವನ್ನು ಹೊರಗಿನಿಂದ ಹಾಕಿದರೂ, ಅಲೆನ್ ಕೀಲಿಯನ್ನು ಕ್ರ್ಯಾಂಕಿನ ಒಳಬದಿಯಿಂದ ತೂರಿಸಿದರೂ ಇದು ಬದಲಾಗುವುದಿಲ್ಲ.

ಪಟ್ಟಿಯಿಂದ ಸ್ಪ್ರಿಂಗಿನವರೆಗೆ

ಪಾದವು ಪೆಡಲಿನಿಂದ ಜಾರಬಾರದು ಎಂಬುದು ಸ್ಪರ್ಧಿಗಳ ಹಳೆಯ ಬಯಕೆ. ಬಹುಕಾಲ ಅದಕ್ಕಿದ್ದ ಉಪಾಯವೆಂದರೆ ಪೆಡಲಿನ ಮುಂಭಾಗಕ್ಕೆ ಕೂಡಿಸಿದ ಲೋಹದ ಗೂಡು ಮತ್ತು ಅದಕ್ಕೆ ಪೋಣಿಸಿದ ತೊಗಲಿನ ಪಟ್ಟಿ. ಗೂಡಿಗೆ ಟೋ ಕ್ಲಿಪ್ ಎಂದು ಹೆಸರು. ಪಟ್ಟಿಯನ್ನು ಬಿಗಿದುಕೊಂಡರೆ ಪಾದ ಭದ್ರ. ಆದರೆ ಇಳಿಯಬೇಕಾದರೆ ಬಗ್ಗಿ ಕೈಯಿಂದಲೇ ಪಟ್ಟಿಯನ್ನು ಸಡಿಲಿಸಬೇಕು. ಆ ಕ್ಲಿಪ್ ಇಲ್ಲದೆಯೇ ಪಾದವನ್ನು ಹಿಡಿಯುವ ಪೆಡಲ್ ಬಂದಾಗ ಅದನ್ನು ಕ್ಲಿಪ್‌ಲೆಸ್, ಅಂದರೆ ಕ್ಲಿಪ್ಪಿಲ್ಲದ ಪೆಡಲ್, ಎಂದು ಕರೆದರು. ಪಾದವನ್ನು ಕಚ್ಚಿಯೇ ಹಿಡಿಯುವ ವಸ್ತುವಿಗೆ ಈ ಹೆಸರು ಏಕೆಂದು ಹೊಸಬರು ಬೆರಗಾಗುವುದು ಸಹಜ. ಹೆಸರಿನಲ್ಲಿ ಇಲ್ಲವೆನ್ನಿಸಿಕೊಂಡದ್ದು ಆ ಹಳೆಯ ಗೂಡು ಮಾತ್ರ.

ಇಂಥ ಪೆಡಲಿಗೆ ಅಮೆರಿಕದಲ್ಲಿ 1895ರಲ್ಲೇ ಚಾರ್ಲ್ಸ್ ಹ್ಯಾನ್ಸನ್ ಎಂಬವರು ಪೇಟೆಂಟ್ ಪಡೆದಿದ್ದರು. ಆದರೆ ಅದು ಬಳಕೆಗೆ ಹರಡಲಿಲ್ಲ. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಸಂಸ್ಥೆ ಎಂ71 ಎಂಬ ಪೆಡಲನ್ನು ತಯಾರಿಸಿತು. ಅದು ಬೂಟನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು. ಬಿಡಿಸಿಕೊಳ್ಳಲು ಮಾತ್ರ ಸವಾರನು ಕೈ ಚಾಚಿ ಪೆಡಲಿನ ಸನ್ನೆಯೊಂದನ್ನು ಸರಿಸಬೇಕಾಗಿತ್ತು. ಬೀಳುವ ಗಳಿಗೆಯಲ್ಲಿ ಯಾರ ಕೈಯೂ ಅಲ್ಲಿಗೆ ಹೋಗುವುದಿಲ್ಲ. ಅದೂ ಬಹಳ ಕಾಲ ಬಾಳಲಿಲ್ಲ.

ಪರಿಹಾರ ಬಂದದ್ದು ಹಿಮದ ಆಟದಿಂದ. ಹಿಮದ ಇಳಿಜಾರಿನಲ್ಲಿ ಜಾರುವವರು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ, ಆಟಗಾರ ಬಿದ್ದೊಡನೆ ತಾನಾಗಿ ಕಳಚಿಕೊಳ್ಳಬೇಕು; ಇಲ್ಲದಿದ್ದರೆ ಕಾಲು ಮುರಿಯುತ್ತದೆ. ಅಂಥ ಕೊಂಡಿಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಸಂಸ್ಥೆ ಅದೇ ತತ್ತ್ವವನ್ನು ಸೈಕಲ್ಲಿಗೆ ಅಳವಡಿಸಿ 1984ರಲ್ಲಿ ಪೆಡಲನ್ನು ಹೊರತಂದಿತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಸಾಕು, ಪಾದ ಬಿಡುಗಡೆ. ಕೈಯ ಅಗತ್ಯವೇ ಇಲ್ಲ. ಮರುವರ್ಷ, 1985ರಲ್ಲಿ, ಬರ್ನಾರ್ ಇನೋ ಇದೇ ಪೆಡಲನ್ನು ತುಳಿದು ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು ಐದನೆಯ ಬಾರಿ ಗೆದ್ದರು. ಕೆಲವೇ ವರ್ಷಗಳಲ್ಲಿ ತೊಗಲಿನ ಪಟ್ಟಿಗಳು ಸ್ಪರ್ಧೆಯಿಂದ ಮರೆಯಾದವು. 1990ರಲ್ಲಿ ಜಪಾನಿನ ಶಿಮಾನೊ ಸಂಸ್ಥೆ ಎಸ್‌ಪಿಡಿ ಎಂಬ ಚಿಕ್ಕ ಪೆಡಲನ್ನು ತಂದು, ಅದೇ ಬೂಟಿನಲ್ಲಿ ನೆಲದ ಮೇಲೂ ನಡೆಯುವಂತೆ ಮಾಡಿತು. ಈ ಚರಿತ್ರೆಯ ಸಾರವೂ ಒಂದೇ: ಹಿಡಿಯುವ ಉಪಾಯ ಮೊದಲೇ ಸಿಕ್ಕಿತ್ತು, ಬಿಡುವ ಉಪಾಯ ಸಿಗಲು ಸುಮಾರು ತೊಂಬತ್ತು ವರ್ಷ ಬೇಕಾಯಿತು.

ಎರಡು ಬಗೆ, ಒಂದು ಆಯ್ಕೆ

ಬೂಟಿನ ಅಡಿಗೆ ಕೂಡಿಸುವ ತುಂಡಿಗೆ ಕ್ಲೀಟ್ ಎಂದು ಹೆಸರು. ಪೆಡಲಿನ ಸ್ಪ್ರಿಂಗ್ ದವಡೆ ಕಚ್ಚುವುದು ಇದನ್ನೇ. ರಸ್ತೆ ಸ್ಪರ್ಧೆಯ ಕ್ಲೀಟ್ ದೊಡ್ಡದು, ಪ್ಲಾಸ್ಟಿಕ್ಕಿನದು, ಮೂರು ತಿರುಪುಗಳಿಂದ ಕೂಡಿಸುವಂಥದು. ಅದು ಬೂಟಿನ ಅಡಿಯಿಂದ ಹೊರಚಾಚಿರುವುದರಿಂದ ನುಣುಪಾದ ನೆಲದ ಮೇಲೆ ಜಾರುತ್ತದೆ. ನಡೆದಷ್ಟೂ ಬೇಗ ಸವೆಯುತ್ತದೆ. ಎರಡನೆಯ ಬಗೆಯ ಕ್ಲೀಟ್ ಚಿಕ್ಕದು, ಉಕ್ಕಿನದು, ಎರಡು ತಿರುಪುಗಳಿಂದ ಕೂಡಿಸುವಂಥದು. ಅದು ಬೂಟಿನ ಅಡಿಯ ಕುಳಿಯೊಳಗೆ ಅಡಗಿರುವುದರಿಂದ ನಡೆಯಲು ತೊಂದರೆಯಿಲ್ಲ. ಇದರ ಪೆಡಲಿಗೆ ಸಾಮಾನ್ಯವಾಗಿ ಎರಡೂ ಮುಖಗಳಲ್ಲಿ ದವಡೆ ಇರುವುದರಿಂದ ಯಾವ ಮುಖ ಮೇಲಿದೆ ಎಂದು ನೋಡಬೇಕಾಗಿಲ್ಲ. ಕಲಿಯುವ ಮಕ್ಕಳಿಗೆ ಈ ಎರಡನೆಯದೇ ಲೇಸು.

ಅದರಲ್ಲಿಯೂ ಭೇದವಿದೆ. ಶಿಮಾನೊ ಸಂಸ್ಥೆಯ ಎಸ್‌ಎಚ್ 51 ಕ್ಲೀಟ್ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್ 56 ಎಂಬುದು ಪಕ್ಕಕ್ಕಲ್ಲದೆ ಬೇರೆ ಕೋನಗಳಲ್ಲಿ ಬಲವಾಗಿ ಎಳೆದರೂ ಬಿಡುತ್ತದೆ. ಗಾಬರಿಯಲ್ಲಿ ಕಾಲೆಳೆದುಕೊಳ್ಳುವ ಹೊಸಬರಿಗೆ ಇದು ಹೆಚ್ಚು ಅನುಕೂಲ. ರಸ್ತೆ ಕ್ಲೀಟುಗಳಲ್ಲಿ ಬಣ್ಣವೇ ಗುರುತು. ಕಚ್ಚಿಕೊಂಡ ಮೇಲೂ ಪಾದ ಪಕ್ಕಕ್ಕೆ ತುಸು ಆಡಲು ಎಷ್ಟು ಅವಕಾಶವಿದೆ ಎಂಬುದನ್ನು ಅದು ಹೇಳುತ್ತದೆ. ಶಿಮಾನೊದಲ್ಲಿ ಹಳದಿಗೆ 6 ಡಿಗ್ರಿ, ನೀಲಿಗೆ 2 ಡಿಗ್ರಿ, ಕೆಂಪಿಗೆ ಸೊನ್ನೆ. ಲುಕ್ ಕಿಯೋದಲ್ಲಿ ಕೆಂಪಿಗೇ 9 ಡಿಗ್ರಿ, ಬೂದಿಗೆ 4.5 ಡಿಗ್ರಿ, ಕಪ್ಪಿಗೆ ಸೊನ್ನೆ. ಒಂದು ಸಂಸ್ಥೆಯ ಕೆಂಪು ಇನ್ನೊಂದರ ಕೆಂಪಲ್ಲ ಎಂಬುದನ್ನು ಕೊಳ್ಳುವಾಗ ಮರೆಯಬಾರದು. ಬೆಳೆಯುವ ಮಕ್ಕಳ ಮೊಣಕಾಲಿಗೆ ಆಡಲು ಅವಕಾಶವಿರುವ ಕ್ಲೀಟೇ ಹಿತ. ಕ್ಲೀಟು ಮತ್ತು ಪೆಡಲು ಒಂದಕ್ಕೊಂದು ಹೊಂದುವ ಬಗೆಯವೇ ಆಗಿರಬೇಕು. ನೋಡಲು ಹೋಲುತ್ತದೆ ಎಂಬ ಕಾರಣಕ್ಕೆ ಬೆರಸಬಾರದು.

ಪೆಡಲನ್ನು ಕೂಡಿಸುವುದು

ಮೊದಲು ಹಳೆಯ ಪೆಡಲನ್ನು ಬಿಚ್ಚಬೇಕು. ಅದಕ್ಕೂ ಮುನ್ನ ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಏರಿಸಿಡುವುದು ಒಳ್ಳೆಯದು. ಬಿಗಿಯಾದ ತಿರುಪು ಹಠಾತ್ತನೆ ಸಡಿಲಗೊಂಡಾಗ ಕೈ ಜಾರಿ ಹಲ್ಲುಗಳಿಗೆ ಬಡಿಯುವುದುಂಟು; ಚೈನಿದ್ದರೆ ಗಾಯ ತಪ್ಪುತ್ತದೆ. ಪೆಡಲಿಗೆ ಬೇಕಾಗುವುದು 15 ಮಿಲಿಮೀಟರಿನ ತೆಳುವಾದ ಪಾನಾ, ಇಲ್ಲವೆ 6 ಅಥವಾ 8 ಮಿಲಿಮೀಟರಿನ ಅಲೆನ್ ಕೀಲಿ. ಬಹಳ ದಿನ ಬಿಚ್ಚದೆ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಎಳೆಗೆ ಬಿಟ್ಟು ಕೆಲವು ಗಂಟೆ ಕಾಯಬೇಕು. ಅವಸರದ ಬಲಕ್ಕಿಂತ ಕಾಯುವುದೇ ಮೇಲು.

ಹೊಸ ಪೆಡಲಿನ ಅಚ್ಚಿನ ಮೇಲೆ ಎಡದ್ದಕ್ಕೆ ಎಲ್, ಬಲದ್ದಕ್ಕೆ ಆರ್ ಎಂಬ ಇಂಗ್ಲಿಷ್ ಅಕ್ಷರದ ಗುರುತಿರುತ್ತದೆ. ಎಡ, ಬಲ ಎಂಬುದು ಸವಾರನು ಕುಳಿತಾಗಿನ ಎಡ, ಬಲ. ಬಹುತೇಕ ದೊಡ್ಡವರ ಸೈಕಲ್ಲುಗಳಲ್ಲಿ ಅಚ್ಚಿನ ಎಳೆಯ ಅಳತೆ 9/16 ಇಂಚು, ಇಂಚಿಗೆ 20 ಸುತ್ತು. ಒಂದೇ ತುಂಡಿನ ಕ್ರ್ಯಾಂಕ್ ಇರುವ ಕೆಲವು ಸೈಕಲ್ಲುಗಳಲ್ಲಿ ಮಾತ್ರ 1/2 ಇಂಚು. ಕ್ರ್ಯಾಂಕಿನ ರಂಧ್ರವನ್ನು ಬಟ್ಟೆಯಿಂದ ಒರೆಸಿ, ಅಚ್ಚಿನ ಎಳೆಗೆ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಅಚ್ಚು ಉಕ್ಕಿನದು, ಸ್ಪರ್ಧೆಯ ಸೈಕಲ್ಲಿನ ಕ್ರ್ಯಾಂಕ್ ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನದು. ಬೆವರು, ಮಳೆನೀರು ಸೇರಿದಾಗ ಈ ಎರಡು ಲೋಹಗಳು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಗ್ರೀಸ್ ಅದನ್ನು ತಡೆಯುತ್ತದೆ.

ಅನಂತರದ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. ಅಚ್ಚನ್ನು ಬರಿಯ ಬೆರಳುಗಳಿಂದ ಮೂರು ನಾಲ್ಕು ಸುತ್ತು ತಿರುಗಿಸಬೇಕು. ಅದು ಸಲೀಸಾಗಿ ಒಳಸರಿಯಬೇಕು. ಮೊದಲ ಸುತ್ತಿನಲ್ಲೇ ತಡೆದರೆ ಎಳೆ ಓರೆಯಾಗಿ ಕೂತಿದೆ, ಇಲ್ಲವೆ ಎಡಬಲ ಅದಲುಬದಲಾಗಿದೆ ಎಂದರ್ಥ. ಆಗ ಹೊರತೆಗೆದು ಮತ್ತೆ ಮೊದಲಿನಿಂದ ಆರಂಭಿಸಬೇಕೇ ಹೊರತು ಪಾನಾ ಹಾಕಕೂಡದು. ಮೆದುವಾದ ಅಲ್ಯುಮಿನಿಯಮ್ಮಿನ ಎಳೆಯನ್ನು ಉಕ್ಕಿನ ಅಚ್ಚು ಒಂದೇ ನಿಮಿಷದಲ್ಲಿ ಅರೆದುಹಾಕುತ್ತದೆ.

ಬೆರಳಿನ ಕೆಲಸ ಮುಗಿದ ಮೇಲೆ ಪಾನಾದ ಸರದಿ. ಪೆಡಲನ್ನು ಸುಮಾರು 40 ನ್ಯೂಟನ್ ಮೀಟರಿನಷ್ಟು ಬಿಗಿಯಬೇಕು. ಸನ್ನೆಯ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಪಾನಾದ ಹಿಡಿ 25 ಸೆಂಟಿಮೀಟರ್ ಉದ್ದವಿದ್ದರೆ ಅದರ ತುದಿಯಲ್ಲಿ ಸುಮಾರು 16 ಕಿಲೋಗ್ರಾಂ ತೂಕದಷ್ಟು ಒತ್ತಡ ಸಾಕು. ಹದಿನೈದು ಕಿಲೋ ಅಕ್ಕಿಯ ಚೀಲವನ್ನು ಎತ್ತಿದವರಿಗೆ ಆ ಬಲದ ಅಂದಾಜು ಕೈಗೇ ಗೊತ್ತಿರುತ್ತದೆ. ಕೊಳವೆ ತೊಡಿಸುವ ಅಗತ್ಯವಿಲ್ಲ. ಮೊದಲ ಸವಾರಿಯ ಬಳಿಕ ಒಮ್ಮೆ ಪಾನಾ ಹಾಕಿ ಬಿಗಿ ಹಾಗೆಯೇ ಇದೆಯೇ ಎಂದು ನೋಡಿಕೊಳ್ಳಬೇಕು.

ಬೂಟಿಗೆ ಕ್ಲೀಟ್

ಪೆಡಲ್ ಕೂಡಿಸುವಾಗ ತಪ್ಪಿದರೆ ಕ್ರ್ಯಾಂಕ್ ಕೆಡುತ್ತದೆ. ಕ್ಲೀಟ್ ಕೂಡಿಸುವಾಗ ತಪ್ಪಿದರೆ ಮೊಣಕಾಲು ಕೆಡುತ್ತದೆ. ಬರಿಗಾಲಿನಲ್ಲಿ ನಿಂತಾಗ ಹೆಬ್ಬೆರಳಿನ ಬುಡದಲ್ಲಿ ಕಾಣುವ ಉಬ್ಬಿನ ಜಾಗವನ್ನು ಬೂಟು ತೊಟ್ಟ ಮೇಲೆ ಹೊರಗಿನಿಂದ ಗುರುತಿಸಬೇಕು. ಪೆಡಲಿನ ಅಚ್ಚು ಆ ಉಬ್ಬಿನ ನೇರಕ್ಕೆ, ಇಲ್ಲವೆ ತುಸು ಹಿಂದಕ್ಕೆ ಬರುವಂತೆ ಕ್ಲೀಟನ್ನು ಇರಿಸಬೇಕು.

ಇನ್ನು ಕೋನದ ಮಾತು. ಮಗುವನ್ನು ಎತ್ತರದ ಮೇಜಿನ ಮೇಲೆ ಕೂರಿಸಿ ಕಾಲುಗಳನ್ನು ಇಳಿಬಿಡಲು ಹೇಳಬೇಕು. ಸಡಿಲವಾಗಿ ತೂಗಾಡುವ ಪಾದಗಳ ಬೆರಳು ಯಾವ ಕಡೆಗೆ ಮುಖಮಾಡಿವೆ ಎಂದು ನೋಡಬೇಕು. ಕೆಲವರ ಪಾದ ನೇರ, ಕೆಲವರದು ತುಸು ಹೊರಮುಖ. ಎರಡು ಪಾದಗಳೂ ಒಂದೇ ಬಗೆಯಾಗಿರಬೇಕೆಂದಿಲ್ಲ. ಆ ಸಹಜ ಕೋನವನ್ನು ಬದಲಾಯಿಸದಂತೆ ಕ್ಲೀಟನ್ನು ತಿರುಗಿಸಿ ಕೂಡಿಸಬೇಕು. ಸವಾರಿಯಲ್ಲಿ ಮೊಣಕಾಲಿನ ಪಕ್ಕದಲ್ಲಿ ನೋವು ಕಾಣಿಸಿಕೊಂಡರೆ ಅದನ್ನು ಸಹಿಸಿಕೊಂಡು ತುಳಿಯುವುದು ಶೌರ್ಯವಲ್ಲ. ಸವಾರಿ ನಿಲ್ಲಿಸಿ, ಕ್ಲೀಟಿನ ಕೋನವನ್ನೂ ಸೀಟಿನ ಎತ್ತರವನ್ನೂ ಮತ್ತೆ ಪರೀಕ್ಷಿಸಬೇಕು. ಹೊಸ ಬೂಟು, ಹೊಸ ಪೆಡಲ್ ಬಂದಾಗ ಪಾದ ಮತ್ತು ಅಚ್ಚಿನ ನಡುವಿನ ಅಂತರ ಬದಲಾಗುವುದರಿಂದ ಸೀಟಿನ ಎತ್ತರವನ್ನು ತುಸು ಬದಲಿಸಬೇಕಾದೀತು.

ಕ್ಲೀಟಿನ ತಿರುಪುಗಳಿಗೂ ಗ್ರೀಸ್ ಬೇಕು. ಒಂದನ್ನೇ ಪೂರ್ತಿ ಬಿಗಿಯದೆ, ಒಂದಾದ ಮೇಲೊಂದರಂತೆ ತುಸುತುಸುವೇ ಬಿಗಿಯುತ್ತ ಹೋಗಬೇಕು. ಇವಕ್ಕೆ 5ರಿಂದ 6 ನ್ಯೂಟನ್ ಮೀಟರ್ ಸಾಕು. 10 ಸೆಂಟಿಮೀಟರ್ ಉದ್ದದ ಕೀಲಿಯ ತುದಿಯಲ್ಲಿ ಐದಾರು ಕಿಲೋಗ್ರಾಂ ತೂಕದಷ್ಟು. ಕ್ಲೀಟಿನ ಅಂಚಿನ ಸುತ್ತ ಬೂಟಿನ ಮೇಲೆ ಗೆರೆ ಎಳೆದಿಟ್ಟರೆ, ಮುಂದೆ ಕ್ಲೀಟ್ ಬದಲಿಸುವಾಗ ಅದೇ ಜಾಗ ಸಿಗುತ್ತದೆ. ಮಕ್ಕಳ ಪಾದ ಬೆಳೆದು ಬೂಟು ಸಾಲದಾದಾಗ ಕ್ಲೀಟನ್ನು ಬಿಚ್ಚಿ ಹೊಸ ಬೂಟಿಗೆ ಕೂಡಿಸಿಕೊಳ್ಳಬಹುದು. ವರ್ಷ ವರ್ಷ ಬೂಟು ಬದಲಿಸಬೇಕಾದ ಮನೆಗಳಿಗೆ ಇದೊಂದು ಉಳಿತಾಯ.

ಬಿಡಿಸಿಕೊಳ್ಳುವ ವಿದ್ಯೆ

ಪೆಡಲಿನ ಹಿಂಬದಿಯಲ್ಲಿ ಸ್ಪ್ರಿಂಗಿನ ಬಿಗಿಯನ್ನು ಹೊಂದಿಸುವ ಸಣ್ಣ ತಿರುಪು ಇರುತ್ತದೆ. ಕಲಿಯುವವರು ಅದನ್ನು ಅತ್ಯಂತ ಸಡಿಲಕ್ಕೆ ಇಳಿಸಿಕೊಳ್ಳಬೇಕು. ಎರಡು ಮುಖದ ಪೆಡಲಾದರೆ ಒಂದು ಜೊತೆಗೆ ಇಂಥ ನಾಲ್ಕು ತಿರುಪುಗಳು, ನಾಲ್ಕೂ ಸಮನಾಗಿರಬೇಕು. ಒಂದು ಮುಖ ಸುಲಭವಾಗಿಯೂ ಇನ್ನೊಂದು ಕಷ್ಟದಿಂದಲೂ ಬಿಟ್ಟರೆ ಕಾಲಿಗೆ ಅಭ್ಯಾಸ ಕೂಡುವುದಿಲ್ಲ.

ಈ ಪೆಡಲಿನಿಂದ ಬೀಳುವವರಲ್ಲಿ ಹೆಚ್ಚಿನವರು ವೇಗದಲ್ಲಿ ಬೀಳುವುದಿಲ್ಲ, ನಿಲ್ಲುವಾಗ ಬೀಳುತ್ತಾರೆ. ಸೈಕಲ್ ನಿಂತೇಬಿಟ್ಟ ಮೇಲೆ ಕಾಲನ್ನು ಬಿಡಿಸಲು ಹೊರಟರೆ ಕಾಲ ಮೀರಿರುತ್ತದೆ. ದೇಹ ಒಂದು ಕಡೆಗೆ ವಾಲುತ್ತದೆ, ಕಾಲು ಹಳೆಯ ರೂಢಿಯಂತೆ ಮೇಲಕ್ಕೆ ಎಳೆದುಕೊಳ್ಳುತ್ತದೆ, ಪೆಡಲ್ ಬಿಡುವುದಿಲ್ಲ. ಬಯಲಿನಲ್ಲಾದರೆ ಮೊಣಕೈ ತರಚಿ ಮುಗಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುವ ರಸ್ತೆಯಲ್ಲಾದರೆ ಅಷ್ಟಕ್ಕೇ ಮುಗಿಯುತ್ತದೆ ಎನ್ನಲಾಗದು. ಆದುದರಿಂದ ರಸ್ತೆಗಿಳಿಯುವ ಮುನ್ನ ಬಿಡಿಸಿಕೊಳ್ಳುವ ಅಭ್ಯಾಸ ಪೂರ್ತಿಯಾಗಬೇಕು.

ಮೊದಲ ದಿನ ಗೋಡೆಯನ್ನು ಹಿಡಿದು ಸೈಕಲ್ಲಿನ ಮೇಲೆ ಕುಳಿತು, ಒಂದೊಂದೇ ಪಾದವನ್ನು ಕೂಡಿಸಿ ಬಿಡಿಸಬೇಕು. ಬಲಕ್ಕೆ ಐವತ್ತು ಸಲ, ಎಡಕ್ಕೆ ಐವತ್ತು ಸಲ. ಪಾದದ ಮುಂಭಾಗವನ್ನು ಕೆಳಕ್ಕೊತ್ತಿದರೆ ಟಕ್ಕೆಂಬ ಸದ್ದಿನೊಡನೆ ಕೂಡುತ್ತದೆ; ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಮೇಲಕ್ಕೆಳೆಯುವುದಲ್ಲ, ಪಕ್ಕಕ್ಕೆ ತಿರುಗಿಸುವುದು. ಎರಡನೆಯ ಹಂತ ಹುಲ್ಲಿನ ಬಯಲಿನಲ್ಲಿ, ಒಂದು ಪಾದವನ್ನಷ್ಟೇ ಕೂಡಿಸಿ. ಮೂರನೆಯದು ಎರಡೂ ಪಾದ ಕೂಡಿಸಿ, ಗುರುತು ಮಾಡಿದ ಜಾಗಕ್ಕೆ ಹತ್ತು ಮೀಟರ್ ಮೊದಲೇ ಒಂದು ಪಾದವನ್ನು ಬಿಡಿಸಿಕೊಂಡು ನಿಲ್ಲುವುದು. ನಿಲ್ಲುವ ಮೊದಲು ಬಿಡಿಸು ಎಂಬುದು ಮನಸ್ಸಿನ ನಿಯಮವಾಗಿದ್ದರೆ ಸಾಲದು, ಕಾಲಿನ ರೂಢಿಯಾಗಬೇಕು. ಹಿಂದಿನಿಂದ ಯಾರೋ ಹಠಾತ್ತನೆ ನಿಲ್ಲು ಎಂದಾಗಲೂ ಹಿಮ್ಮಡಿ ತಾನಾಗಿ ಹೊರಕ್ಕೆ ತಿರುಗಿದರೆ ಅಭ್ಯಾಸ ಮುಗಿಯಿತು ಎನ್ನಬಹುದು.

ವಾರದ ಐದು ನಿಮಿಷ

ಸ್ಪ್ರಿಂಗ್ ಎಷ್ಟು ಸಡಿಲವಿದ್ದರೂ ಪೆಡಲ್ ಬಿಡದಂತಾಗುವ ದೋಷವೊಂದಿದೆ. ಅದು ಪೆಡಲಿನಲ್ಲಿಲ್ಲ, ಬೂಟಿನಲ್ಲಿದೆ. ಕ್ಲೀಟಿನ ತಿರುಪು ಸಡಿಲಗೊಂಡರೆ, ಅಥವಾ ಎರಡರಲ್ಲಿ ಒಂದು ಬಿದ್ದುಹೋದರೆ, ಹಿಮ್ಮಡಿಯನ್ನು ತಿರುಗಿಸಿದಾಗ ಬೂಟು ಮಾತ್ರ ತಿರುಗುತ್ತದೆ. ಕ್ಲೀಟ್ ದವಡೆಯೊಳಗೇ ಉಳಿಯುತ್ತದೆ. ಪಾದ ಎಷ್ಟು ತಿರುಚಿದರೂ ಬಿಡುಗಡೆಯಿಲ್ಲ. ಆಗ ಉಳಿಯುವ ದಾರಿ ಒಂದೇ: ವೇಗ ತಗ್ಗಿಸಿ, ಇನ್ನೊಂದು ಕಾಲನ್ನು ಬಿಡಿಸಿ ಆ ಕಡೆಗೆ ವಾಲಿ ನಿಂತು, ಸಿಕ್ಕಿಕೊಂಡ ಬೂಟಿನ ಪಟ್ಟಿ ಸಡಿಲಿಸಿ ಪಾದವನ್ನು ಬೂಟಿನಿಂದಲೇ ಹೊರತೆಗೆಯುವುದು. ಈ ಇಕ್ಕಟ್ಟಿಗೆ ಸಿಲುಕದಿರಲು ವಾರಕ್ಕೊಮ್ಮೆ ಕೀಲಿ ಹಾಕಿ ಕ್ಲೀಟಿನ ತಿರುಪುಗಳನ್ನು ಪರೀಕ್ಷಿಸಿದರೆ ಸಾಕು. ಹೊಸದಾಗಿ ಕೂಡಿಸಿದ ಮೊದಲ ವಾರದಲ್ಲಿ ಪ್ರತಿ ಸವಾರಿಯ ಬಳಿಕವೂ ನೋಡಬೇಕು.

ಎರಡನೆಯ ಶತ್ರು ಮಣ್ಣು. ಸೊಲ್ಲಾಪುರದಿಂದ ಜತ್ತದವರೆಗಿನ ಎರೆ ಮಣ್ಣು ಮಳೆಗಾಲದಲ್ಲಿ ಅಂಟಿನಂತೆ ಮೆತ್ತಿಕೊಳ್ಳುತ್ತದೆ. ಹೊಲದ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದರೂ ಕ್ಲೀಟಿನ ಕುಳಿ ತುಂಬಿಹೋಗುತ್ತದೆ. ಪೆಡಲ್ ಕಚ್ಚುವುದೂ ಇಲ್ಲ, ಅರೆಬರೆ ಕಚ್ಚಿದರೆ ಸರಿಯಾಗಿ ಬಿಡುವುದೂ ಇಲ್ಲ. ಸವಾರಿಗೆ ಹೊರಡುವ ಮುನ್ನ ಕಡ್ಡಿಯಿಂದ ಮಣ್ಣನ್ನು ಕೆದಕಿ ತೆಗೆಯಬೇಕು. ಮನೆಗೆ ಬಂದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ನೀರಿನಿಂದ ಪೆಡಲಿನ ದವಡೆಯನ್ನು ತೊಳೆದು, ಒರೆಸಿ, ಸ್ಪ್ರಿಂಗಿಗೂ ದವಡೆಯ ಕೀಲಿಗೂ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಬಟ್ಟೆಯಿಂದ ತೆಗೆಯಬೇಕು. ಎಣ್ಣೆ ಹೆಚ್ಚಾದರೆ ಬೇಸಗೆಯ ಧೂಳು ಅದಕ್ಕೇ ಅಂಟಿ ಅರದಂತೆ ಸವೆಸುತ್ತದೆ.

ಮೂರನೆಯದು ಸವೆತ. ಕ್ಲೀಟ್ ಸವೆದಾಗ ಪಾದ ಮೊದಲಿಗಿಂತ ಹೆಚ್ಚು ಆಡುತ್ತದೆ, ಬಲವಾಗಿ ತುಳಿಯುವಾಗ ಕೇಳದೆಯೇ ಕಳಚಿಕೊಳ್ಳುತ್ತದೆ. ಹತ್ತುವ ದಾರಿಯಲ್ಲಿ ಎದ್ದು ನಿಂತು ತುಳಿಯುವಾಗ ಹೀಗಾದರೆ ಬೀಳುವುದು ಖಚಿತ. ಸ್ಪ್ರಿಂಗನ್ನು ಬಿಗಿಗೊಳಿಸಿ ಸವೆದ ಕ್ಲೀಟನ್ನು ಮುಂದುವರಿಸುವುದು ತಪ್ಪು ಉಪಾಯ. ಬದಲಿಸಬೇಕಾದುದು ಕ್ಲೀಟನ್ನೇ, ಅದೂ ಎರಡನ್ನೂ ಒಟ್ಟಿಗೆ.

ವರ್ಷಕ್ಕೆ ಒಂದೆರಡು ಸಲ ಪೆಡಲನ್ನು ಕ್ರ್ಯಾಂಕಿನಿಂದ ಬಿಚ್ಚಿ, ಎಳೆಯನ್ನು ಒರೆಸಿ ಹೊಸ ಗ್ರೀಸ್ ಹಚ್ಚಿ ಮತ್ತೆ ಕೂಡಿಸುವುದು ಒಳ್ಳೆಯದು. ಅದೇ ಹೊತ್ತಿನಲ್ಲಿ ಅಚ್ಚನ್ನು ಬೆರಳುಗಳಿಂದ ತಿರುಗಿಸಿ ನೋಡಬೇಕು. ಮರಳು ಸಿಕ್ಕಿದಂತೆ ಕರಕರ ಎಂದರೆ ಒಳಗಿನ ಉಕ್ಕಿನ ಗುಂಡುಗಳಿಗೆ ಗ್ರೀಸ್ ಒಣಗಿದೆ. ಪಕ್ಕಕ್ಕೆ ಲೊಡಲೊಡ ಆಡಿದರೆ ಒಳಗಿನ ನಟ್ಟು ಸಡಿಲವಾಗಿದೆ ಅಥವಾ ಬೇರಿಂಗ್ ಸವೆದಿದೆ. ಗುಂಡುಗಳನ್ನು ಬದಲಿಸಿ ಗ್ರೀಸ್ ತುಂಬುವ ಕೆಲಸವನ್ನು ಊರಿನ ಸೈಕಲ್ ಅಂಗಡಿಯವರು ಹಳೆಯ ರಬ್ಬರ್ ಪೆಡಲುಗಳಲ್ಲಿ ಎಷ್ಟೋ ಸಲ ಮಾಡಿರುತ್ತಾರೆ. ಗುಂಡುಗಳಿರುವ ಪೆಡಲಾದರೆ ಇದರ ತತ್ತ್ವವೂ ಅದೇ.

ಎಲ್ಲರಿಗೂ ಬೇಕೆ?

ಬೇಡ. ಶಾಲೆಗೆ, ಅಂಗಡಿಗೆ, ಹೊಲಕ್ಕೆ ಹೋಗಿಬರುವ ಸೈಕಲ್ಲಿಗೆ ಅಗಲವಾದ ರಬ್ಬರ್ ಪೆಡಲೇ ಸರಿ. ತಮಿಳುನಾಡಿನಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳ 11ನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಉಚಿತವಾಗಿ ಕೊಡುವಂಥ ಸೈಕಲ್ಲುಗಳಿಗೆ ಇದರ ಅಗತ್ಯವೇ ಇಲ್ಲ. ಕಚ್ಚುವ ಪೆಡಲಿನಿಂದ ವೇಗ ಇಮ್ಮಡಿಯಾಗುತ್ತದೆ ಎಂಬ ಮಾತನ್ನೂ ನಂಬಬೇಕಾಗಿಲ್ಲ. ಒಂದೇ ಸಮನೆ ಸಾಗುವ ಸವಾರಿಯಲ್ಲಿ ಅದರ ಲಾಭ ಅಲ್ಪ. ಓಟದ ಕೊನೆಯ ಜಿಗಿತದಲ್ಲಿ, ಕುಲುಕುವ ದಾರಿಯಲ್ಲಿ ಪಾದ ಜಾರದಂತೆ ಒಂದೇ ಜಾಗದಲ್ಲಿ ಉಳಿಯುವುದೇ ಅದರ ನಿಜವಾದ ಉಪಯೋಗ. ಸ್ಪರ್ಧೆಗೆ ಸಿದ್ಧವಾಗುತ್ತಿರುವ ಮಗುವಿಗೆ, ಅದೂ ಬ್ರೇಕು ಹಿಡಿತ, ಗೇರು ಬದಲಾವಣೆ, ರಸ್ತೆಯ ಶಿಸ್ತು ಚೆನ್ನಾಗಿ ಕೂಡಿಬಂದ ಮೇಲೆ, ಅದು ಬಂದರೆ ಸಾಕು.

ಆದರೆ ಪೆಡಲಿನ ಪಾಠ ಎಲ್ಲರಿಗೂ ಸಲ್ಲುವಂಥದು. ರಬ್ಬರ್ ಪೆಡಲಿಗೂ ಎಡಕ್ಕೆ ಎಡ ತಿರುಪೇ ಇದೆ. ಅದರ ಎಳೆಗೂ ಗ್ರೀಸ್ ಬೇಕು. ಅದರೊಳಗಿನ ಗುಂಡುಗಳೂ ಒಣಗಿದಾಗ ಕರಕರ ಎನ್ನುತ್ತವೆ. ಈ ಭಾನುವಾರ ಅಂಗಳದ ಸೈಕಲ್ಲನ್ನು ಗೋಡೆಗೆ ಒರಗಿಸಿ ಎಡ ಪೆಡಲಿಗೆ ಪಾನಾ ಹಾಕಿದಾಗ, ಪಕ್ಕದಲ್ಲಿ ನಿಂತ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಲಿ. ಹಿಡಿ ಮೇಲಿರಲಿ, ಹಿಂದಿನ ಚಕ್ರದ ಕಡೆಗೆ ಎಳೆಯಿರಿ ಅಪ್ಪಾ ಎಂದು ಹೇಳಲಿ. ಕೊಳವೆಯಿಲ್ಲದೆಯೇ ಪೆಡಲ್ ಬಿಚ್ಚಿಕೊಳ್ಳುತ್ತದೆ.